ಪೆನ್ಸಿಲಿಗೆ ಮಾತ್ರ ಅನುಮತಿ

ಹನ್ನೊಂದು ಮಂದಿ, ಒಂದು ಬಾಡಿಗೆ ಟೆಂಪೊ,
ಬಿಬ್ವೇವಾಡಿಯಿಂದ ದಫ್ತರಖಾನೆಗೆ.
ಗುರುಬಾಳ ಕಾಕಾನ ಕೊರಳಲ್ಲಿ ಕಂಡಕ್ಟರ್ ಕಾಲದ ಸೀಟಿ,
ಹತ್ತುವಾಗ ಒಮ್ಮೆ, ಎಣಿಸಿ ಮುಗಿಸಿದಾಗ ಒಮ್ಮೆ.
ಬರುವ ತಿಂಗಳು ಅವನಿಗೆ ಎಪ್ಪತ್ತೈದು.
ಫ್ಲೆಕ್ಸಿನ ಮೇಲೆ ಮರವೊಂದನ್ನು ಬರೆಸಬೇಕು,
ಬೇರಿನಿಂದ ಹಿಡಿದು ಮೃಣಾಲಳ ಕೂಸಿನವರೆಗೆ.

ಹನ್ನೆರಡನೆಯವನು ಸ್ವಾರಗೇಟಿನಲ್ಲಿ ಕಾದಿದ್ದ:
ನಮ್ಮ ಮನೆತನದ ಹೆಳವ, ಕಲ್ಲೋಳೆಪ್ಪ,
ರಾತ್ರಿ ಬಸ್ಸಿನಲ್ಲಿ ಕಾಲು ಮಡಚಿ ಬಂದವನು.
ಅವನಪ್ಪ ಎತ್ತಿನ ಮೇಲೆ ಬರುತ್ತಿದ್ದನಂತೆ,
ಕೋರಿಹಾಳದ ನಮ್ಮ ಕಟ್ಟೆಯ ಮುಂದೆ ಗಂಟೆ ಬಾರಿಸಿ
ಸತ್ತವರನ್ನೆಲ್ಲ ಸಾಲಾಗಿ ಕರೆಯುತ್ತಿದ್ದನಂತೆ.

ಬಾಗಿಲಲ್ಲಿ ಕಾವಲುಗಾರ.
ಚೀಲ ಲಾಕರಿಗೆ, ನೀರಿನ ಬಾಟಲಿ ಲಾಕರಿಗೆ,
ರೊಟ್ಟಿಯ ಗಂಟು, ಪೆನ್ನು, ಕಾಕಾನ ಸೀಟಿ.
ಒಳಗೆ ಪೆನ್ಸಿಲಿಗೆ ಮಾತ್ರ ಅನುಮತಿ.
"ಹೇ ಕಾಯ್?" ಅಂದ, ಗಂಟೆ ತೋರಿಸಿ.
"ನಮ್ಮ ಪುಸ್ತಕದ ಮೊದಲನೇ ಪುಟ" ಅಂದ ಕಲ್ಲೋಳೆಪ್ಪ.
ನಾನು ಮರಾಠಿ ಮಾಡಿ ಹೇಳಲಿಲ್ಲ.
ಗಂಟೆಯೂ ಒಳಗೆ ಹೋಯಿತು, ಬೀಗ ಬಿತ್ತು.
ನಾಲಗೆಗೆ ಲಾಕರು ಇರಲಿಲ್ಲ, ತಂದ.

ಮೋಡಿ ಓದಲು ಗಾನೂ ಬಾಯಿ,
ತಾಸಿಗೆ ನಾನೂರು, ಕನ್ನಡಕ ಎರಡು.
ಕೆಂಪು ರುಮಾಲು ಬಿಚ್ಚಿದರು, ಧೂಳಿಗೆ ಮೃಣಾಲ ಸೀನಿದಳು.
ತುದಿಯಿಂದ ತುದಿಗೆ ಮೊದಲೇ ಎಳೆದ ಗೆರೆ,
ಅದಕ್ಕೆ ಜೋತುಬಿದ್ದ ಅಕ್ಷರ,
ಲೇಖಣಿ ಎತ್ತದೆ ಓಡಿದ್ದಾನೆ ಯಾವನೋ ಕಾರಕೂನ
ಮನೆಗೆ ಹೋಗುವ ಅವಸರದಲ್ಲಿ.

ಕಲ್ಲೋಳೆಪ್ಪ ಕಣ್ಣು ಮುಚ್ಚಿ ಶುರುಮಾಡಿದ:
ಬಸಲಿಂಗನ ಮಗ ಸಾತಪ್ಪ,
ಸಾತಪ್ಪನ ಮಗ ಮುರಗೆಪ್ಪ,
ಮುರಗೆಪ್ಪನ ಮಗ ಅಡಿವೆಪ್ಪ...
"ಥಾಂಬಾ," ಅಂದರು ಗಾನೂ ಬಾಯಿ.
"ಸಾತಪ್ಪನಿಗೆ ಇನ್ನೊಬ್ಬ ಮಗ. ರಾಚಪ್ಪ.
ಅಡಿವೆಪ್ಪ ಇವನ ಮಗ, ತಮ್ಮನದಲ್ಲ."

ಅದು ಸೀಮೆಯ ಜಗಳದ ಕಾಗದ.
ತಲೆಯ ಮೇಲೆ ಮಣ್ಣು ಹೊತ್ತು ಗಡಿ ನಡೆಯುತ್ತ
ಹುಣಸೆಮರದ ಹತ್ತಿರ ನಿಂತುಬಿಟ್ಟನಂತೆ:
ಕಲ್ಲು ಸರಿಸಿದವ ನಾನೇ,
ರಾತ್ರಿ, ಹದಿನಾಲ್ಕು ಹೆಜ್ಜೆ.
ಕೆಳಗೆ ರುಜುವಿನ ಬದಲು ಒಂದು ನೇಗಿಲು.
ನೇಗಿಲಿನ ಪಕ್ಕ ಒಂದು ಬಳೆ.
ತಾಯಿ ನೀಲವ್ವನ ಗುರುತು;
ಸರಿಸಿದ್ದನ್ನು ಕಂಡೆ ಎಂದು
ಮಗ ಬಾಯಿಬಿಡುವ ಎರಡು ದಿನ ಮೊದಲೇ
ಚಾವಡಿಗೆ ಬಂದು ಹೇಳಿದವಳು.

ಆ ಬಳೆ ಸರಿಯಾಗಿ ಕೂಡಿರಲಿಲ್ಲ.
ಮಸಿ ತೀರಿತೋ, ಕೈ ನಡುಗಿತೋ,
ಒಂದು ಕಡೆ ಬಾಯಿ ತೆರೆದೇ ಇತ್ತು.
ನಾನು ಹಾಗೇ ಬರೆದುಕೊಂಡೆ.

ಸದ್ದು ಮಾಡಬಾರದ ಕೋಣೆಯಲ್ಲಿ
ನಮ್ಮವರು ಪಿಸುಮಾತಿನಲ್ಲೇ ಜಗಳಕ್ಕೆ ಬಿದ್ದರು,
ಅರ್ಧ ಕನ್ನಡ, ಅರ್ಧ ಮರಾಠಿ.
ಕಾಕಾ ನನ್ನ ಹಾಳೆಗೆ ಬೆರಳಿಟ್ಟ:
"ಪೆನ್ಸಿಲ್ ಐತಲ್ಲ, ಅಳಸು."

ಕಲ್ಲೋಳೆಪ್ಪ ಕಣ್ಣು ತೆರೆದ.
"ಗೊತ್ತಿತ್ರಿ ನನಗ.
ನಮ್ಮ ಮುತ್ಯಾನ ಮುತ್ಯಾಗ ಒಂದು ಹೋರಿ ಕೊಟ್ಟು
ಆ ಹೆಸರು ಹೇಳಬ್ಯಾಡ ಅಂದ್ರು ನಿಮ್ಮ ಮಂದಿ.
ಹೇಳಬ್ಯಾಡ ಅಂದ್ರು. ಮರಿ ಅಂತ ಅನ್ನಲಿಲ್ಲ.
ನಮ್ಮಪ್ಪ ನನಗ ಎರಡು ಪಟ್ಟಿ ಕಲಿಸ್ಯಾನ."

ಹೊರಗೆ ಮೆಟ್ಟಿಲ ಮೇಲೆ ರೊಟ್ಟಿ ಬಿಚ್ಚಿದೆವು.
ಶೇಂಗಾ ಚಟ್ನಿಗೆ ಎಣ್ಣೆ ಮರೆತು ಬಂದಿದ್ದೆವು,
ಅದಕ್ಕೂ ಒಂದಿಷ್ಟು ಮಾತಾಯಿತು.
ನಿಂಬೆವ್ವ ಅತ್ತಿ ಅಲ್ಲಿಯ ತನಕ ಒಂದು ಮಾತಾಡಿರಲಿಲ್ಲ.
ಎರಡು ರೊಟ್ಟಿ ಅವನ ಕೈಗಿಟ್ಟು ಅಂದಳು:
"ಆ ಹೋರಿ ಸತ್ತು ಇನ್ನೂರು ವರ್ಷ ಆತು.
ಇನ್ನ ಹೇಳು."

ಲಾಕರಿನಿಂದ ಗಂಟೆ ಬಂತು.
ಆಟೋದವರು ತಿರುಗಿ ನೋಡಿದರು, ಕಾವಲುಗಾರ ಎದ್ದ.
ಸಾತಪ್ಪನ ಮಗ ಅನ್ನುತ್ತಾನೆಂದು ಕಾದಿದ್ದೆವು.
"ನೀಲವ್ವನ ಮಗ ರಾಚಪ್ಪಾ" ಎಂದು ಕೂಗಿದ.

ಟೆಂಪೊ ಹತ್ತುವಾಗ ಕಾಕಾ ಎಣಿಸಿದ.
ಹನ್ನೆರಡು. ಲೆಕ್ಕ ಸರಿ ಇತ್ತು.
ಸೀಟಿ ತುಟಿಯಲ್ಲೇ ಇತ್ತು,
ಊದಲಿಲ್ಲ.